ಗರಡಿ ಮನೆಯಲ್ಲಿ ಮೂರು ದಿನ: ದಾವಣಗೆರೆಯ ಕುಸ್ತಿ ಪರಿಚಯ ಶಿಬಿರದ ವಿಮರ್ಶೆ

ದಾವಣಗೆರೆಯ ಹಳೇ ಊರಿನಲ್ಲಿರುವ ಗರಡಿ ಮನೆಯೊಂದು ಹೊರನಾಡಿನ, ಹೊರದೇಶದ ಅತಿಥಿಗಳಿಗೆ ನಾಡಕುಸ್ತಿಯನ್ನು ಪರಿಚಯಿಸುವ ಮೂರು ದಿನಗಳ ಶಿಬಿರವನ್ನು ನಡೆಸುತ್ತಿದೆ. ಕಳೆದ ತಿಂಗಳು ಇಬ್ಬರು ಅತಿಥಿಗಳೊಂದಿಗೆ ನಾನೂ ಆ ಶಿಬಿರದಲ್ಲಿ ಮೂರು ದಿನವೂ ಇದ್ದೆ. ಒಬ್ಬರಿಗೆ 2,400 ರೂಪಾಯಿ ಶುಲ್ಕ. ಎರಡು ಬೆಳಗಿನ ಸಾಮು, ಆಮೇಲಿನ ಬಾದಾಮಿ ಹಾಲು ಮತ್ತು ತಿಂಡಿ, ಮೂರನೆಯ ದಿನ ಚಿತ್ರದುರ್ಗದ ಕೋಟೆಗೆ ಹೋಗಿಬರುವ ವಾಹನ, ಅಂದು ಸಂಜೆ ಒಂದು ಕುಸ್ತಿ ಪ್ರದರ್ಶನ, ಇಷ್ಟೂ ಅದರಲ್ಲಿ ಸೇರಿವೆ. ವಸತಿಯನ್ನು ನಾವೇ ನೋಡಿಕೊಳ್ಳಬೇಕು. ತಿಂಗಳಿಗೆ ಒಂದೇ ತಂಡ, ತಂಡಕ್ಕೆ ಆರೇ ಜನ. ಹೆಸರು ಬರೆದರೆ ಬಂದವರನ್ನೆಲ್ಲ ಹಿಂದಕ್ಕೆ ಕಳಿಸಬೇಕಾಗುತ್ತದೆ ಎಂದು ಗರಡಿಯ ಹಿರಿಯರು ಕೇಳಿಕೊಂಡಿದ್ದರಿಂದ ಹೆಸರನ್ನು ಬಿಟ್ಟಿದ್ದೇನೆ. ಮೊದಲ ಎರಡು ಬೆಳಗುಗಳು ಕೊಟ್ಟ ಹಣಕ್ಕಿಂತ ಬಹಳ ಹೆಚ್ಚಿನ ಬೆಲೆಯವು, ಮೂರನೆಯ ದಿನವನ್ನು ಮಾತ್ರ ಅವರು ಮತ್ತೆ ಕುಳಿತು ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿವರವಾಗಿಯೇ ಹೇಳುತ್ತೇನೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿ 31 ವರ್ಷ ದುಡಿದು ನಿವೃತ್ತನಾದವನು. ಚಿಕ್ಕಂದಿನಲ್ಲಿ ಎರಡು ವರ್ಷ ಗರಡಿಯ ಮಣ್ಣನ್ನೂ ಮೈಗೆ ಹಚ್ಚಿಕೊಂಡವನು. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಒಂದು ದಿನ ಫೋನ್ ಮಾಡಿ, "ಮಾವ, ನಮ್ಮ ಆಫೀಸಿನವರಿಬ್ಬರು ಕುಸ್ತಿ ನೋಡ್ಬೇಕು ಅಂತಾರೆ, ನಮ್ಮೂರಿಗೇ ಕರ್ಕೊಂಡು ಬರ್ಲಾ?" ಎಂದು ಕೇಳಿದ. ಒಬ್ಬರು ಇರಾನಿನ ಕೆರ್ಮಾನ್‌ಶಾಹ್ ನಗರದ ಯುವಕ, ಇನ್ನೊಬ್ಬರು ಜಪಾನಿನ ಒಸಾಕಾದ ಮಹಿಳೆ. ಆ ಯುವಕನ ತಾತ ತಮ್ಮ ಊರಿನ ವ್ಯಾಯಾಮ ಶಾಲೆಗೆ ವಯಸ್ಸಾದ ಮೇಲೂ ಹೋಗುತ್ತಿದ್ದರಂತೆ. ಆಕೆ ಪ್ರತಿ ಮಾರ್ಚಿನಲ್ಲಿ ತಮ್ಮ ಊರಿನಲ್ಲಿ ನಡೆಯುವ ಸುಮೋ ಪಂದ್ಯಾವಳಿಯನ್ನು ತಂದೆಯ ಪಕ್ಕದಲ್ಲಿ ಕುಳಿತು ನೋಡುತ್ತಾ ಬೆಳೆದವರು. ಹೀಗೆ ಇಬ್ಬರೂ ಮಲ್ಲರ ನಾಡಿನಿಂದಲೇ ಬಂದವರಾದ್ದರಿಂದ, ಅವರಿಗೆ ತೋರಿಸುವುದಕ್ಕಿಂತ ಅವರಿಂದ ಕೇಳಿ ತಿಳಿಯುವುದೇ ಹೆಚ್ಚಾಯಿತು.

ಬೆಳಿಗ್ಗೆ ಐದೂವರೆಗೆ ಗರಡಿಯ ಬಾಗಿಲಲ್ಲಿರಬೇಕೆಂಬ ಸೂಚನೆ ಹಿಂದಿನ ದಿನವೇ ಬಂದಿತ್ತು. ಗರಡಿಯ ಬಾಗಿಲು ಎದೆಯ ಮಟ್ಟಕ್ಕಿಂತ ತಗ್ಗಾದದ್ದು. ಎಂಥ ಎತ್ತರದ ಪೈಲ್ವಾನನೂ ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಇರಾನಿನ ಯುವಕ ಹೊಸ್ತಿಲಲ್ಲೇ ನಿಂತು ನಕ್ಕರು. ತಮ್ಮ ದೇಶದ ಜೂರ್‌ಖಾನೆ ಎಂಬ ವ್ಯಾಯಾಮ ಶಾಲೆಯ ಬಾಗಿಲೂ ಹೀಗೆಯೇ ತಗ್ಗಾಗಿರುತ್ತದೆ, ಬಲ ಬೆಳೆಸಿಕೊಳ್ಳಲು ಬಂದವನು ಮೊದಲು ಬಾಗುವುದನ್ನು ಕಲಿಯಲಿ ಎಂದು ತಾತ ಹೇಳುತ್ತಿದ್ದರು ಎಂದರು. ಗರಡಿಯ ಗುರುಗಳಾದ ನಮ್ಮ ಉಸ್ತಾದರೂ ಮಕ್ಕಳಿಗೆ ಹೇಳುವುದು ಇದನ್ನೇ. ಒಳಗೆ ಹನುಮಂತನ ಪಟಕ್ಕೆ ಊದುಬತ್ತಿ ಹಚ್ಚಿತ್ತು, ಗೋಡೆಗೆ ಒರಗಿಸಿದ ಗದೆಗಳು ಮತ್ತು ಮುದ್ಗರಗಳೆಂಬ ಮರದ ಭಾರವಾದ ದೊಣ್ಣೆಗಳು, ಮೂಲೆಯಲ್ಲಿ ಗುಂಡುಕಲ್ಲುಗಳು, ನಡುವೆ ಕುಸ್ತಿ ಹಿಡಿಯುವ ಕೆಮ್ಮಣ್ಣಿನ ಮಟ್ಟಿ ಇದ್ದವು. ಸುಮಾರು ಹದಿನೈದು ಹುಡುಗರು ಆಗಲೇ ದಂಡ ಹೊಡೆಯುತ್ತಿದ್ದರು. ಅತಿಥಿಗಳು ಬಂದರೆಂದು ಅವರು ಸಾಮು ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಈ ಶಿಬಿರದಲ್ಲಿ ನನಗೆ ಮೊದಲು ಹಿಡಿಸಿದ್ದು ಅದೇ.

ಭಾಷೆಯ ತೊಡಕು ಇರುತ್ತದೆಂದು ನಾನು ಅಂಜಿದ್ದೆ. ಉಸ್ತಾದರಿಗೆ ಕನ್ನಡ ಮತ್ತು ಉರ್ದು ಬಿಟ್ಟು ಬೇರೆ ಭಾಷೆ ಬಾರದು. ಆದರೆ ಹತ್ತು ನಿಮಿಷದೊಳಗೆ ಅವರಿಗೂ ಇರಾನಿನ ಯುವಕನಿಗೂ ನಡುವೆ ನನ್ನ ತಂಗಿಯ ಮಗನ ಅನುವಾದ ಅರ್ಧಕ್ಕರ್ಧ ಬೇಡವಾಯಿತು. ಕುಸ್ತಿಗೆ ಇರಾನಿನ ಭಾಷೆಯಾದ ಪಾರಸಿಯಲ್ಲಿ ಕೊಶ್ತಿ ಎನ್ನುತ್ತಾರೆ, ಪೈಲ್ವಾನನಿಗೆ ಪಹಲವಾನ್. ಉಸ್ತಾದ ಎಂಬುದು ಅಲ್ಲಿಯೂ ಗುರುವಿಗೆ ಸಲ್ಲುವ ಮಾತು. ಮೈದಾನ ಅಲ್ಲಿಯೂ ಮೈದಾನವೇ. ಜೂರ್‌ಖಾನೆ ಎಂಬ ಹೆಸರಿನ ಅರ್ಥವನ್ನು ಅವರು ವಿವರಿಸಲು ಹೊರಟಾಗ ಉಸ್ತಾದರು ತಡೆದು, "ಜೋರು ಅಂದ್ರ ನಮಗೂ ಗೊತ್ತೈತಿ, ಖಾನೆ ಅಂದ್ರೂ ಗೊತ್ತೈತಿ. ಜೋರಿನ ಮನಿ ಹೌದಲ್ರಿ?" ಎಂದರು. ಶತಮಾನಗಳ ಹಿಂದೆ ಪಾರಸಿಯಿಂದ ಬಂದು ನಮ್ಮ ಬಾಯಲ್ಲಿ ಮನೆಮಾತಾಗಿಬಿಟ್ಟ ಈ ಪದಗಳನ್ನು, ಆ ಭಾಷೆಯನ್ನೇ ಆಡುವ ಮನುಷ್ಯನ ಎದುರು ನಮ್ಮ ಗರಡಿಯ ಹಿರಿಯರು ಹಿಂದಿರುಗಿಸಿ ಕೊಟ್ಟಂತೆ ನನಗೆ ಅನ್ನಿಸಿತು. ಹಳ್ಳಿಯ ಜಾತ್ರೆಗಳಲ್ಲಿ ಎತ್ತುವ ಸಂಗ್ರಾಣಿ ಕಲ್ಲಿನ ಹೆಸರು ಕೇಳಿ ಅವರು ಬೆರಗಾದರು. ಪಾರಸಿಯಲ್ಲಿ ಸಂಗ್ ಎಂದರೆ ಕಲ್ಲು, ಜೂರ್‌ಖಾನೆಯಲ್ಲಿ ಮಲಗಿ ಎತ್ತುವ ಮರದ ದೊಡ್ಡ ಗುರಾಣಿಗಳಿಗೂ ಅದೇ ಹೆಸರು.

ಮೊದಲ ದಿನದ ಪಾಠ ದಂಡ ಮತ್ತು ಬಸ್ಕಿಯಿಂದ ಮೊದಲಾಗಿ ಮುದ್ಗರ ತಿರುಗಿಸುವುದರಲ್ಲಿ ಮುಗಿಯುತ್ತದೆ. ಮುದ್ಗರವನ್ನು ತೋಳಿನ ಬಲದಿಂದ ಎತ್ತಲು ಹೋದವರು ಎರಡೇ ನಿಮಿಷದಲ್ಲಿ ಸೋಲುತ್ತಾರೆ. ಅದರ ಭಾರವೇ ಅದನ್ನು ಬೆನ್ನ ಹಿಂದೆ ಇಳಿಸಿ ಮತ್ತೆ ಭುಜಕ್ಕೆ ತರುವಂತೆ ಬಿಡಬೇಕು. ಈ ಹದವನ್ನು ಉಸ್ತಾದರು ಬಾಯಲ್ಲಿ ಹೇಳದೆ, ಅತಿಥಿಯ ಮೊಣಕೈಗೆ ಎರಡು ಬೆರಳು ಒತ್ತಿ ಕಲಿಸಿದರು. ನನಗೆ ಇಲ್ಲಿ ಒಂದು ಮಾತು ಸೇರಿಸಬೇಕೆನಿಸುತ್ತದೆ. ನಮ್ಮ ನಾಡಿನ ಸಿಪಾಯಿಗಳೂ ಪೈಲ್ವಾನರೂ ತಿರುಗಿಸುತ್ತಿದ್ದ ಈ ಮುದ್ಗರವನ್ನು 19ನೆಯ ಶತಮಾನದಲ್ಲಿ ಬ್ರಿಟಿಷ್ ಸೈನ್ಯಾಧಿಕಾರಿಗಳು ಕಂಡು ಮೆಚ್ಚಿ ಇಂಗ್ಲೆಂಡಿಗೆ ಒಯ್ದರು, ಅಲ್ಲಿಂದ ಅದು ಯುರೋಪು ಮತ್ತು ಅಮೆರಿಕಕ್ಕೆ ಹೋಯಿತು, 1904ರ ಸೇಂಟ್ ಲೂಯಿ ಮತ್ತು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗಳಲ್ಲಿ ಪದಕವಿರುವ ಸ್ಪರ್ಧೆಯೇ ಆಯಿತು. ಇಂದು ರಿದಮಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಹುಡುಗಿಯರು ಗಾಳಿಗೆ ಎಸೆದು ಹಿಡಿಯುವ ಹಗುರವಾದ ಜೋಡಿ ಕೋಲುಗಳ ಪೂರ್ವಜ ಇದೇ ಗರಡಿಯ ಮುದ್ಗರ. ಶಾಲೆಯಲ್ಲಿದ್ದಾಗ ನಾನು ಎಷ್ಟೋ ಕ್ರೀಡಾಕೂಟಗಳನ್ನು ನಡೆಸಿದ್ದೇನೆ, ಆದರೆ ಈ ಸಂಗತಿಯನ್ನು ಮಕ್ಕಳಿಗೆ ಒಮ್ಮೆಯೂ ಹೇಳಲಿಲ್ಲವಲ್ಲ ಎಂಬ ನೋವು ಆ ಬೆಳಿಗ್ಗೆ ನನ್ನನ್ನು ಬಿಡಲಿಲ್ಲ.

ಇರಾನಿನಲ್ಲಿ ಇದಕ್ಕೆ ಮೀಲ್ ಎಂದು ಹೆಸರು. ಎರಡನೆಯ ಬೆಳಿಗ್ಗೆ ಆ ಯುವಕ ನಮ್ಮ ಮುದ್ಗರಗಳಲ್ಲಿ ಒಂದು ಜೋಡಿಯನ್ನು ಆರಿಸಿಕೊಂಡು ತಮ್ಮ ಕ್ರಮದಲ್ಲಿ ತಿರುಗಿಸಿ ತೋರಿಸಿದರು. ಜೂರ್‌ಖಾನೆಯಲ್ಲಿ ತಗ್ಗಾದ ಎಂಟು ಮೂಲೆಯ ಅಂಕಣದ ಮೇಲುಗಡೆ ಮುರ್ಶಿದ್ ಎಂಬ ಹಿರಿಯನು ಕುಳಿತು, ಚರ್ಮವಾದ್ಯ ನುಡಿಸುತ್ತಾ, ನಡುನಡುವೆ ಗಂಟೆ ಬಾರಿಸುತ್ತಾ, ಫಿರ್ದೌಸಿಯ ಮತ್ತು ಹಾಫಿಜ್‌ನ ಪದ್ಯಗಳನ್ನು ಹಾಡುತ್ತಾನಂತೆ. ಆ ತಾಳಕ್ಕೆ ಸರಿಯಾಗಿ ಎಲ್ಲರೂ ಒಟ್ಟಿಗೆ ಸಾಮು ಮಾಡುತ್ತಾರೆ. ತಾಳವಿಲ್ಲದೆ ತಮಗೆ ಸರಿಯಾಗಿ ತಿರುಗಿಸಲು ಆಗುತ್ತಿಲ್ಲ ಎಂದು ಅವರು ಹೇಳಿದ್ದೇ ತಡ, ಹುಡುಗರಲ್ಲೊಬ್ಬ ಓಡಿಹೋಗಿ ಜಾತ್ರೆಯ ಕುಸ್ತಿಗೆ ಬಾರಿಸುವ ಹಲಗೆಯನ್ನು ತಂದ. ಎರಡು ಮೂರು ಸಲ ತಪ್ಪಿತು, ಆಮೇಲೆ ಕೂಡಿಬಂತು. ಕೊನೆಗೆ ಅವರು ಎರಡೂ ಕೈ ಚಾಚಿ ನಿಂತಲ್ಲೇ ಬುಗುರಿಯಂತೆ ಸುತ್ತುವ ಚರ್ಖ್ ಎಂಬ ಭಾಗವನ್ನು ತೋರಿಸಿದಾಗ, ಅಲ್ಲಿಯವರೆಗೆ ಗಂಭೀರವಾಗಿ ಕುಳಿತಿದ್ದ ಉಸ್ತಾದರು ಎದ್ದು ಬಂದು ಅದನ್ನು ತಮಗೂ ಕಲಿಸುವಂತೆ ಕೇಳಿದರು. ಅರವತ್ತು ದಾಟಿದ ಗುರು ಮೂವತ್ತರ ಅತಿಥಿಯಿಂದ ಹೆಜ್ಜೆ ಕಲಿಯುವುದನ್ನು ಆ ಹದಿನೈದು ಹುಡುಗರು ನೋಡಿದರು. ಶಿಬಿರದ ಕರಪತ್ರದಲ್ಲಿ ಎಲ್ಲಿಯೂ ಇಲ್ಲದ, ಮೊದಲೇ ಯಾರೂ ಯೋಜಿಸದ ಈ ಮುಕ್ಕಾಲು ಗಂಟೆಗಾಗಿಯೇ ನಾನು ಈ ಶಿಬಿರವನ್ನು ಇತರರಿಗೆ ಹೇಳುತ್ತಿದ್ದೇನೆ.

ಗರಡಿಯವರು ಇದನ್ನು ಕ್ರಮವಾಗಿ ಅಳವಡಿಸಿಕೊಳ್ಳಬೇಕು. ಬಂದ ಅತಿಥಿಗೆ ತನ್ನ ಊರಿನ ಆಟವೊಂದನ್ನು ತೋರಿಸಲು ಒಂದು ಗಂಟೆ ಮೀಸಲಿಟ್ಟರೆ ಸಾಕು. ನಮ್ಮ ಇತರ ಆಟಗಳು ದೇಶ ದಾಟಿದ್ದೂ ಹೀಗೆ ಕೊಟ್ಟು ತೆಗೆದುಕೊಂಡಾಗಲೇ. ಕಬಡ್ಡಿಯು 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿತು. 2018ರ ಜಕಾರ್ತಾ ಕೂಟದಲ್ಲಿ ಇರಾನ್ ಪುರುಷರ ಮತ್ತು ಮಹಿಳೆಯರ ಎರಡೂ ಚಿನ್ನಗಳನ್ನು ಗೆದ್ದಾಗ, ಆ ಮಹಿಳಾ ತಂಡಕ್ಕೆ ಕಲಿಸಿದವರು ನಾಸಿಕದ ಶೈಲಜಾ ಜೈನ್. ಅಂದು ನಾವು ಸೋತೆವೆಂದು ಬೇಸರಪಟ್ಟಿದ್ದೇನೆ, ಆದರೆ ಆಟ ಕಲಿಸಿದವರ ಕೈಯಿಂದ ಕಲಿತವರು ಗೆಲ್ಲುವಷ್ಟು ಬೆಳೆದಾಗಲೇ ಅದು ನಿಜವಾಗಿ ಇಬ್ಬರ ಆಟವಾಗುತ್ತದೆ.

ಇನ್ನು ಮಟ್ಟಿಯ ವಿಚಾರ. ಕುಸ್ತಿಯ ಮಣ್ಣೆಂದರೆ ಅಂಗಳದ ಮಣ್ಣಿನಂತೆ ಬರಿಯ ಮಣ್ಣಲ್ಲ ಎಂಬುದನ್ನು ಅತಿಥಿಗಳಿಗೆ ತಿಳಿಸಲು ಇಲ್ಲಿ ಒಂದು ಒಳ್ಳೆಯ ಕ್ರಮವಿದೆ: ಅವರ ಕೈಯಿಂದಲೇ ಮಟ್ಟಿಯನ್ನು ಹದ ಮಾಡಿಸುತ್ತಾರೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಅರಿಸಿನ, ಎಳ್ಳೆಣ್ಣೆ, ಮಜ್ಜಿಗೆ, ನಿಂಬೆಹಣ್ಣಿನ ರಸ, ಪುಡಿ ಮಾಡಿದ ಕರ್ಪೂರ ಸೇರಿಸಿ, ಗುದ್ದಲಿಯಿಂದ ಅಗೆದು, ತಿರುವಿ, ಕಾಲಿನಿಂದ ಸಮ ಮಾಡಬೇಕು. ತರಚಿದ ಗಾಯ ಕೀವಾಗಬಾರದು, ಬಿದ್ದಾಗ ಮೂಳೆಗೆ ಪೆಟ್ಟಾಗಬಾರದು, ಬೆವರಿದ ಮೈ ಜಾರಬಾರದು ಎಂಬುದಕ್ಕಾಗಿ ಇಷ್ಟೆಲ್ಲ. ಗುದ್ದಲಿ ಹಿಡಿಯುವುದನ್ನೇ ಅರಿಯದ ಕೈಗಳಿಗೆ ಅರ್ಧ ಗಂಟೆಯಲ್ಲಿ ಬೊಬ್ಬೆ ಬಂದವು, ಆದರೂ ಇರಾನಿನ ಯುವಕ ಬಿಡಲಿಲ್ಲ.

ಒಸಾಕಾದ ಅತಿಥಿಗೆ ಗುದ್ದಲಿ ಸಿಗಲಿಲ್ಲ. ಹೆಂಗಸರು ಮಟ್ಟಿಗೆ ಇಳಿಯುವಂತಿಲ್ಲ ಎಂಬುದನ್ನು ಅವರಿಗೆ ತಿಳಿಸಿದ್ದು ಮೊದಲ ದಿನ ಬೆಳಿಗ್ಗೆ, ಬಾಗಿಲಲ್ಲಿ. "ಯವ್ವಾ, ನೀವು ಇಲ್ಲಿ ಕಟ್ಟಿ ಮ್ಯಾಲೆ ಕುಂದ್ರಿ" ಎಂದು ಗರಡಿಯ ಹಿರಿಯರೊಬ್ಬರು ಗೌರವದಿಂದಲೇ ಹೇಳಿದರು, ಕೂರಲು ಜಮಖಾನೆಯನ್ನೂ ಹಾಸಿದರು. ಆದರೆ ಶುಲ್ಕ ಕಟ್ಟುವಾಗ ಈ ಮಾತನ್ನು ಯಾರೂ ಹೇಳಿರಲಿಲ್ಲ, ಕರಪತ್ರದಲ್ಲೂ ಬರೆದಿಲ್ಲ, ಶುಲ್ಕವೂ ಇಬ್ಬರಿಗೂ ಒಂದೇ. ಇದು ಈ ಶಿಬಿರದ ಅತಿ ದೊಡ್ಡ ಕೊರತೆ. ನನ್ನ ಆಸೆಯಿಂದ ಅವರನ್ನು ಕರೆತಂದವನು ನಾನಾದ್ದರಿಂದ ಅದರಲ್ಲಿ ನನ್ನ ತಪ್ಪೂ ಇದೆ. ಮೊದಲೇ ಕೇಳಿ ತಿಳಿದುಕೊಳ್ಳಬೇಕಾಗಿತ್ತು.

ಆಕೆ ಸಿಟ್ಟಾಗಲಿಲ್ಲ. ಸುಮೋ ಅಂಕಣವಾದ ದೊಹ್ಯೊವನ್ನು ಜೇಡಿಮಣ್ಣಿನಿಂದ ಕಟ್ಟಿ, ಅದರ ನಡುವೆ ಅಕ್ಕಿ, ಉಪ್ಪು, ಒಣಗಿಸಿದ ಕಡಲಪಾಚಿ ಮೊದಲಾದವನ್ನು ಹುಗಿದು ಪೂಜಿಸುತ್ತಾರೆ, ಸೆಣಸಿಗೆ ಮೊದಲು ಮಲ್ಲರು ಉಪ್ಪು ಚೆಲ್ಲಿ ಅದನ್ನು ಶುದ್ಧಿ ಮಾಡುತ್ತಾರೆ, ಅದರ ಮೇಲೆಯೂ ಹೆಂಗಸರು ಕಾಲಿಡುವಂತಿಲ್ಲ ಎಂದು ವಿವರಿಸಿದರು. 2000ನೆಯ ಇಸವಿಯಲ್ಲಿ ಒಸಾಕಾದ ಗವರ್ನರ್ ಆಗಿ ಆಯ್ಕೆಯಾದ ಫುಸಾಯೆ ಓಟಾ ಅವರು ತಮ್ಮದೇ ಊರಿನ ಪಂದ್ಯಾವಳಿಯಲ್ಲಿ ಗೆದ್ದವನಿಗೆ ಬಹುಮಾನ ಕೊಡಲು ದೊಹ್ಯೊ ಏರಲು ಕೇಳಿದರೂ ಒಪ್ಪಿಗೆ ಸಿಗಲಿಲ್ಲ. 2018ರ ಏಪ್ರಿಲ್‌ನಲ್ಲಿ ಮೈಜುರು ಎಂಬ ಊರಿನಲ್ಲಿ ದೊಹ್ಯೊ ಮೇಲೆ ಭಾಷಣ ಮಾಡುತ್ತಿದ್ದ ಮೇಯರ್ ಕುಸಿದು ಬಿದ್ದಾಗ, ಅವರ ಜೀವ ಉಳಿಸಲು ಓಡಿಬಂದ ಮಹಿಳೆಯರಿಗೆ ಕೆಳಗಿಳಿಯುವಂತೆ ಧ್ವನಿವರ್ಧಕದಲ್ಲಿ ಹೇಳಲಾಯಿತು. ಆಮೇಲೆ ಸುಮೋ ಸಂಘದ ಮುಖ್ಯಸ್ಥರು ಕ್ಷಮೆ ಕೇಳಿದರು. ಜೂರ್‌ಖಾನೆಯ ಅಂಕಣವೂ ಬಹುಕಾಲದಿಂದ ಗಂಡಸರದೇ ಎಂದು ಇರಾನಿನ ಯುವಕ ಸೇರಿಸಿದರು. ಮೂರು ದೇಶಗಳ ಮೂರು ಮಣ್ಣುಗಳ ಬಗ್ಗೆ ಹೀಗೆ ಮಾತಾಡುತ್ತಾ ಕುಳಿತಿದ್ದಾಗ ಆಕೆ ನಿಧಾನವಾಗಿ ಒಂದು ಮಾತು ಹೇಳಿದರು: ತಮ್ಮ ಊರಿನಲ್ಲಿ ಅಭ್ಯಾಸವಾಗಿ ಹೋದದ್ದು, ಇಲ್ಲಿ ಹೊಸ ಜಾಗದಲ್ಲಿ ಮತ್ತೆ ಕೇಳಿದಾಗ ಹೆಚ್ಚು ನೋಯಿತು ಎಂದು.

ಗರಡಿಯ ಹಿಂಬದಿಯ ಕೋಣೆಯಲ್ಲಿ ಪಾಯಿಂಟ್ ಕುಸ್ತಿಗೆಂದು ಮ್ಯಾಟ್ ಹಾಸಿದೆ, ಸಂಜೆ ಹೊತ್ತು ಅಲ್ಲಿ ಏಳೆಂಟು ಹುಡುಗಿಯರು ಅಭ್ಯಾಸ ಮಾಡುತ್ತಾರೆ. ಈ ವಿಷಯ ನಮಗೆ ಗೊತ್ತಾದದ್ದು ಎರಡನೆಯ ದಿನ, ಅದೂ ತಿಂಡಿಯ ಹೊತ್ತಿನಲ್ಲಿ, ಆಕಸ್ಮಿಕವಾಗಿ. ಅಂದು ಸಂಜೆ ಆಕೆಯನ್ನು ಅಲ್ಲಿಗೆ ಕರೆದೊಯ್ದೆವು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅವರ ಸೊಂಟ ಹಿಡಿದು ಪಟ್ಟು ಹಾಕುವುದನ್ನು ಕಲಿಸಿದಳು. ಆಕೆ ಪ್ರತಿಯಾಗಿ ಸುಮೋ ಮಲ್ಲರು ಕಾಲನ್ನು ಪಕ್ಕಕ್ಕೆ ಎತ್ತಿ ನೆಲಕ್ಕೆ ಬಡಿಯುವ ಶಿಕೊ ಎಂಬ ಸಾಮನ್ನು ಮಾಡಿ ತೋರಿಸಿದರು. ನೋಡಲು ಸುಲಭವೆನಿಸುವ ಅದನ್ನು ಸತತವಾಗಿ ಐವತ್ತು ಸಲ ಮಾಡಲು ಒಬ್ಬ ಹುಡುಗಿಗೂ ಆಗಲಿಲ್ಲ. ಆ ಕೋಣೆಯಲ್ಲಿ ಎದ್ದ ನಗುವನ್ನು ನಾನು ಮರೆಯಲಾರೆ. ಶಿಬಿರದ ಪಟ್ಟಿಯಲ್ಲಿ ಈ ಸಂಜೆ ಇರಲೇ ಇಲ್ಲ. ಇರುವ ವಸ್ತುವನ್ನು ಅತಿಥಿಗೆ ತೋರಿಸದೆ ಬಿಡುವುದು ಬಡತನದಿಂದಲ್ಲ, ಅದಕ್ಕೆ ಬೆಲೆಯಿದೆ ಎಂದು ತಾವೇ ಅರಿಯದಿರುವುದರಿಂದ.

ಉಸ್ತಾದರ ಕಲಿಸುವಿಕೆಯ ಬಗ್ಗೆ ಯಾವ ದೂರೂ ಇಲ್ಲ. ಬೀಳುವುದನ್ನು ಮೊದಲು ಕಲಿಸುತ್ತಾರೆ, ಹಿಡಿಯುವುದನ್ನು ಆಮೇಲೆ. ಅತಿಥಿಗೆ ಸರಿಸಮನಾದ ತೂಕದ ಹುಡುಗನನ್ನೇ ಜೋಡಿ ಕಟ್ಟುತ್ತಾರೆ. ಆ ಹುಡುಗನಿಗೂ ಅತಿಥಿಯನ್ನು ಸುಮ್ಮನೆ ಗೆಲ್ಲಿಸಬಾರದೆಂಬ ಕಟ್ಟಪ್ಪಣೆ ಇರುತ್ತದೆ. ಇರಾನಿನ ಯುವಕ ಮೂರು ಸಲ ಚಿತ್ ಆದರು, ನಾಲ್ಕನೆಯ ಸಲ ತಮ್ಮ ಊರಿನ ಪಟ್ಟೊಂದನ್ನು ಹಾಕಿ ಹುಡುಗನನ್ನು ಮಂಡಿಯೂರಿಸಿದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆ, ಸ್ನಾನಕ್ಕೆ ಬಿಸಿನೀರಿದೆ. ಬಾದಾಮಿ ಹಾಲು ಗಟ್ಟಿಯಾಗಿತ್ತು. ತಿಂಡಿಗೆ ಬೆಣ್ಣೆ ದೋಸೆ ತರಿಸಿದ್ದರು.

ಸ್ನಾನ ಮುಗಿಸಿ ಬಂದಾಗ ಅತಿಥಿಗಳಿಬ್ಬರೂ ಗೋಡೆಯ ಮೇಲಿನ ಒಂದು ಫೋಟೋದ ಮುಂದೆ ನಿಂತಿದ್ದರು. ಅದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಖಾಶಾಬಾ ಜಾಧವ್ ಅವರ ಚಿತ್ರ. 1952ರ ಹೆಲ್ಸಿಂಕಿ ಕೂಟದ ಬ್ಯಾಂಟಮ್ ತೂಕದ ಫ್ರೀಸ್ಟೈಲ್ ಕುಸ್ತಿಯಲ್ಲಿ ಅವರಿಗೆ ಕಂಚು ಸಿಕ್ಕಿತು. ಅದೇ ತೂಕದಲ್ಲಿ ಚಿನ್ನ ಗೆದ್ದವರು ಜಪಾನಿನ ಶೊಹಾಚಿ ಇಶಿಯಿ. ಅದೇ ಕೂಟದಲ್ಲಿ ಇನ್ನೊಂದು ತೂಕದಲ್ಲಿ ಬೆಳ್ಳಿ ಗೆದ್ದವರು ಇರಾನಿನ ಗುಲಾಮ್‌ರೆಜಾ ತಖ್ತಿ. ಅವರ ಪಟ ಕೆರ್ಮಾನ್‌ಶಾಹ್‌ನ ತಾತನ ಮನೆಯಲ್ಲೂ ಇದೆಯಂತೆ. ಕೊಲ್ಹಾಪುರದ ಮಣ್ಣಿನಲ್ಲಿ ಕಲಿತವರು, ತೆಹರಾನಿನ ಪಹಲವಾನರ ನಡುವೆ ಬೆಳೆದವರು, ಯುದ್ಧದಲ್ಲಿ ಸೋತು ಮತ್ತೆ ಎದ್ದು ನಿಲ್ಲುತ್ತಿದ್ದ ಜಪಾನಿನವರು, ಮೂವರೂ ಒಂದೇ ಬೇಸಿಗೆಯಲ್ಲಿ ಒಂದೇ ಊರಿನಲ್ಲಿದ್ದರು. ಶಿಬಿರದವರು ಆ ಫೋಟೋದ ಕೆಳಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಾಲ್ಕು ಸಾಲು ಬರೆದು ಹಾಕಿದರೆ ಸಾಕು, ಬೇರೆ ಭಾಷಣವೇ ಬೇಡ.

ಭಾಷಣದ ಮಾತು ಬಂದದ್ದರಿಂದ ಹೇಳುತ್ತೇನೆ. ಮೂರನೆಯ ದಿನಕ್ಕೆ ಗರಡಿಯವರು ಹೊರಗಿನ ಮಾರ್ಗದರ್ಶಕರೊಬ್ಬರನ್ನು ಗೊತ್ತು ಮಾಡಿದ್ದಾರೆ. ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್ ದಾರಿ. ಆ ದಾರಿಯುದ್ದಕ್ಕೂ ಅವರು ಕುಸ್ತಿಯು ಐದು ಸಾವಿರ ವರ್ಷ ಹಳೆಯದು, ಜಗತ್ತಿನ ಎಲ್ಲ ಕುಸ್ತಿಗಳೂ ಇಲ್ಲಿಂದಲೇ ಹೋದವು ಎಂದು ಹೇಳುತ್ತಾ ಬಂದರು. ಪಕ್ಕದಲ್ಲಿ ಇರಾನಿನವರೂ ಜಪಾನಿನವರೂ ಕುಳಿತಿರುವಾಗ ಇಂಥ ಮಾತು ಅವರ ಹಿರಿಯರನ್ನು ಅಲ್ಲಗಳೆದಂತಾಗುತ್ತದೆ. ಹೆಮ್ಮೆಪಡಲು ನಮಗೆ ಖಚಿತವಾದ ಆಧಾರಗಳೇ ಬೇಕಾದಷ್ಟಿವೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಅಧ್ಯಾಯವಿದ್ದು, ಮಲ್ಲರ ವರ್ಗಗಳು, ಅವರ ವ್ಯಾಯಾಮ, ಅವರಿಗೆ ಕೊಡಬೇಕಾದ ಆಹಾರ ಎಲ್ಲವೂ ಅಲ್ಲಿ ಬಂದಿವೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ವರಸೆ ಮಾಡಿ, ಆಮೇಲೆ ತನ್ನ ಪೈಲ್ವಾನನೊಬ್ಬನೊಂದಿಗೆ ಕುಸ್ತಿ ಹಿಡಿಯುತ್ತಿದ್ದನೆಂದು ಬರೆದಿಟ್ಟಿದ್ದಾನೆ. ನಮ್ಮ ಅರಸನ ಬೆಳಗಿನ ಸಾಮು ನಮಗೆ ಇಷ್ಟು ವಿವರವಾಗಿ ತಿಳಿದಿರುವುದು ಸಾಗರ ದಾಟಿ ಬಂದ ಒಬ್ಬ ಪರದೇಶಿಯ ಬರಹದಿಂದ. ದುರ್ಗದ ನಾಯಕರು ಅದೇ ವಿಜಯನಗರದ ಸಾಮಂತರಾಗಿದ್ದವರು. ಕೋಟೆಯ ದಾರಿಯಲ್ಲಿ ಅತಿಥಿಗಳಿಗೆ ಹೇಳಬೇಕಾದ ಕಥೆ ಇದು.

ಕೋಟೆಗೆ ಕೊಟ್ಟ ಸಮಯ ಎರಡೇ ಗಂಟೆ, ಅದು ಏತಕ್ಕೂ ಸಾಲದು. ಹೊರದೇಶದವರಿಗೆ ಟಿಕೆಟ್ ದರ ಹೆಚ್ಚು, ಅದು ಶುಲ್ಕದಲ್ಲಿ ಸೇರಿಲ್ಲ ಎಂಬುದನ್ನು ಅಲ್ಲಿಗೆ ಹೋದ ಮೇಲೆ ತಿಳಿಸಿದರು. ಭೀಮನು ಹಿಡಿಂಬನೊಂದಿಗೆ ಮಲ್ಲಯುದ್ಧ ಮಾಡಿದ್ದು ಈ ಬೆಟ್ಟದಲ್ಲೇ ಎಂಬ ಐತಿಹ್ಯವಿದೆ, ಬೆಟ್ಟದ ಮೇಲೆ ಹಿಡಿಂಬೇಶ್ವರನ ಗುಡಿಯೂ ಇದೆ. ಕುಸ್ತಿಗೆಂದು ಬಂದವರಿಗೆ ಅದನ್ನೇ ತೋರಿಸದೆ ಕೆಳಗಿಳಿಸಿದರು.

ಆದರೆ ಒನಕೆ ಓಬವ್ವನ ಕಿಂಡಿಯ ಮುಂದೆ ಒಸಾಕಾದ ಅತಿಥಿ ಬಹಳ ಹೊತ್ತು ನಿಂತರು. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆ ಹೋದ ಹೆಂಡತಿ ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಂಡು, ಕೈಗೆ ಸಿಕ್ಕ ಒನಕೆಯಿಂದ ಒಬ್ಬೊಬ್ಬರನ್ನೇ ಬಡಿದು ಕೆಡವಿದ ಕಥೆಯನ್ನು ನಾನೇ ಹೇಳಿದೆ. ನನ್ನ ತಂಗಿಯ ಮಗ ಅನುವಾದಿಸಿದ. ಭತ್ತ ಕುಟ್ಟುವ ಒನಕೆ ಎಷ್ಟು ಭಾರವಿರುತ್ತದೆ ಎಂದು ಆಕೆ ಕೇಳಿದರು. ಎರಡು ದಿನ ಮುದ್ಗರಗಳನ್ನು ಕಟ್ಟೆಯ ಮೇಲಿನಿಂದ ನೋಡಿದ್ದವರ ಪ್ರಶ್ನೆ ಅದು. ಓಬವ್ವನ ಹೆಸರನ್ನು ನಾವು ಚಿತ್ರದುರ್ಗದ ಕ್ರೀಡಾಂಗಣಕ್ಕೆ ಇಟ್ಟಿದ್ದೇವೆ, ಶಾಲೆಯಲ್ಲಿ ಪಾಠವಾಗಿ ಓದಿಸುತ್ತೇವೆ, ವರ್ಷಕ್ಕೊಮ್ಮೆ ಜಯಂತಿಯನ್ನೂ ಮಾಡುತ್ತೇವೆ. ಅತಿಥಿಯನ್ನು ಈ ಕಿಂಡಿಯ ಮುಂದೆ ನಿಲ್ಲಿಸಿ ಅಭಿಮಾನಪಡುವ ಶಿಬಿರವು, ತನ್ನ ಹುಡುಗಿಯರ ಮ್ಯಾಟನ್ನು ಹಿಂಬದಿಯ ಕೋಣೆಯಲ್ಲಿಟ್ಟು ಅದರ ಸುದ್ದಿಯನ್ನೇ ಎತ್ತದಿರುವುದು ಸರಿಯಲ್ಲ. ಮಟ್ಟಿಯ ನಿಯಮವನ್ನು ಬದಲಿಸುವುದು ಬಿಡುವುದು ಗರಡಿಯ ಹಿರಿಯರಿಗೆ ಸೇರಿದ್ದು, ಅದಕ್ಕೆ ಸಮಯವೂ ಬೇಕಾಗಬಹುದು. ಮ್ಯಾಟಿನ ಅಭ್ಯಾಸವನ್ನು ಶಿಬಿರದ ಮೊದಲ ದಿನಕ್ಕೇ ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಸಂಜೆಯ ಪ್ರದರ್ಶನವನ್ನು ಬಾಡಿಗೆಯ ಸಭಾಂಗಣವೊಂದರಲ್ಲಿ ಏರ್ಪಡಿಸಿದ್ದರು. ಅತಿಥಿಗಳಿಗೆ ಪೇಟ ತೊಡಿಸಿ, ಹಾರ ಹಾಕಿ, ಕೈಗೆ ಬೆಳ್ಳಿ ಬಣ್ಣದ ಗದೆ ಕೊಟ್ಟು ಫೋಟೋ ತೆಗೆದರು. ಎರಡು ದಿನ ಬೆಳಿಗ್ಗೆ ಬೆವರು ಸುರಿಸಿ ಕುಸ್ತಿ ಹಿಡಿದ ಹುಡುಗರೇ ಅಲ್ಲಿ ಮೊದಲೇ ಗೊತ್ತುಪಡಿಸಿದ ಪಟ್ಟುಗಳನ್ನು ಹಾಕಿ, ಗೊತ್ತುಪಡಿಸಿದ ಹೊತ್ತಿಗೆ ಬಿದ್ದರು. ಅವರ ಮುಖದಲ್ಲಿದ್ದ ಸಂಕೋಚವನ್ನು ನೋಡಿ ನನಗೆ ತುಂಬ ನೋವಾಯಿತು. ಇಡೀ ಶಿಬಿರದಲ್ಲಿ ತೆಗೆದುಹಾಕಲೇಬೇಕಾದ ಭಾಗ ಇದು.

ಬೇರೆ ದೇಶಗಳು ಇದನ್ನು ಹೇಗೆ ನಡೆಸುತ್ತವೆ ಎಂಬುದನ್ನು ನೋಡಬೇಕು. ಟರ್ಕಿಯ ಎಡಿರ್ನೆ ನಗರದಲ್ಲಿ ಪ್ರತಿ ಬೇಸಿಗೆಯಲ್ಲೂ ನಡೆಯುವ ಕಿರ್ಕ್‌ಪಿನಾರ್ ಎಣ್ಣೆ ಕುಸ್ತಿಯಲ್ಲಿ ಮಲ್ಲರು ಚರ್ಮದ ಚಡ್ಡಿ ತೊಟ್ಟು, ಮೈತುಂಬ ಎಣ್ಣೆ ಸುರಿದುಕೊಂಡು ಹುಲ್ಲಿನ ಮೇಲೆ ಸೆಣಸುತ್ತಾರೆ. ಡೋಲು ಮತ್ತು ಓಲಗ ಮೊಳಗುತ್ತಿರುತ್ತವೆ, ಒಬ್ಬನು ಪದ್ಯ ಹೇಳಿ ಒಬ್ಬೊಬ್ಬ ಪೆಹ್ಲಿವಾನನನ್ನೂ ಪರಿಚಯಿಸುತ್ತಾನೆ. ಹೌದು, ಅಲ್ಲಿಯೂ ಅವರನ್ನು ಕರೆಯುವುದು ಹಾಗೆಯೇ. ಮಂಗೋಲಿಯಾದಲ್ಲಿ ಪ್ರತಿ ಜುಲೈನಲ್ಲಿ ಕುಸ್ತಿಯೂ ಸೇರಿದ ನಾದಮ್ ಉತ್ಸವ ನಡೆಯುತ್ತದೆ. ಕಿರ್ಕ್‌ಪಿನಾರ್, ನಾದಮ್, ಇರಾನಿನ ಜೂರ್‌ಖಾನೆಯ ಆಚರಣೆ, ಮೂರನ್ನೂ ಯುನೆಸ್ಕೊ 2010ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2018ರಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯಾಗಳು ತಮ್ಮ ಸ್ಸಿರುಮ್ ಕುಸ್ತಿಯನ್ನು ಒಟ್ಟಾಗಿ ಅದೇ ಪಟ್ಟಿಗೆ ಸೇರಿಸಿದವು. ಗಡಿಯಲ್ಲಿ ಬಂದೂಕು ಹಿಡಿದು ನಿಂತ ಎರಡು ದೇಶಗಳು ಆ ಪಟ್ಟಿಯಲ್ಲಿ ಜೊತೆಯಾದದ್ದು ಅದೇ ಮೊದಲು. ನಮ್ಮ ನಾಡಕುಸ್ತಿ ಆ ಪಟ್ಟಿಯಲ್ಲಿಲ್ಲ. ಅದಿರಲಿ, ಎಡಿರ್ನೆಗೆ ಹೋದ ಪ್ರವಾಸಿಗಳು ನೋಡುವುದು ತಮಗಾಗಿ ಮಾಡಿದ ಪ್ರದರ್ಶನವನ್ನಲ್ಲ, ಪ್ರವಾಸಿಗಳು ಬಾರದಿದ್ದರೂ ನಡೆದೇ ತೀರುವ ಕುಸ್ತಿಯನ್ನು. ದಾವಣಗೆರೆಯಲ್ಲಿ ಅಂಥದ್ದಕ್ಕೆ ಕೊರತೆಯೇ? ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಆಗಿನ ಬಯಲು ಜಂಗಿ ಕುಸ್ತಿಗೆ ದೂರದೂರದ ಊರುಗಳಿಂದ ಪೈಲ್ವಾನರು ಬರುತ್ತಾರೆ. ಸುತ್ತಲಿನ ಹಳ್ಳಿಗಳ ಜಾತ್ರೆಗಳಲ್ಲಂತೂ ಬೇಸಿಗೆಯುದ್ದಕ್ಕೂ ಕುಸ್ತಿ ಇದ್ದೇ ಇರುತ್ತದೆ. ಶಿಬಿರದ ದಿನಾಂಕಗಳನ್ನು ಆ ಜಾತ್ರೆಗಳಿಗೆ ಹೊಂದಿಸಿ, ಸಭಾಂಗಣದ ಬಾಡಿಗೆ ಉಳಿಸಿ, ಅತಿಥಿಗಳನ್ನು ಜನರ ನಡುವೆ ನೆಲದ ಮೇಲೆ ಕೂರಿಸಿದರೆ ಸಾಕು.

ಹೋಗುವವರಿಗೆ ಕೆಲವು ಮಾತುಗಳು. ಎರಡು ಜೊತೆ ಹಳೆಯ ಬಟ್ಟೆ ಬೇಕು; ಕೆಮ್ಮಣ್ಣಿನ ಕಲೆ ಹೋಗುವುದಿಲ್ಲ. ಉಗುರು ಕತ್ತರಿಸಿಕೊಂಡು, ಖಾಲಿ ಹೊಟ್ಟೆಯಲ್ಲಿ ಬರಬೇಕು. ಬೆನ್ನುನೋವು ಇದ್ದವರು ಮೊದಲೇ ಹೇಳಿದರೆ ಉಸ್ತಾದರು ಸಾಮನ್ನು ಬದಲಿಸಿ ಕೊಡುತ್ತಾರೆ. ಮಹಿಳೆಯರು ಸಂಜೆಯ ಮ್ಯಾಟ್ ಅಭ್ಯಾಸವನ್ನು ಕೇಳಿ ಗಟ್ಟಿ ಮಾಡಿಕೊಂಡೇ ಹಣ ಕಟ್ಟಬೇಕು. ಮೂರನೆಯ ದಿನವನ್ನು ಬಿಟ್ಟು ಎರಡೇ ದಿನಕ್ಕೆ ಸೇರುವುದಾದರೆ 1,500 ರೂಪಾಯಿ ತೆಗೆದುಕೊಳ್ಳಲು ಗರಡಿಯವರು ಒಪ್ಪುತ್ತಾರೆ, ನಾನು ಕೇಳಿ ನೋಡಿದ್ದೇನೆ.

ಈ ಬರಹದ ಕರಡನ್ನು ಕಳೆದ ವಾರ ಉಸ್ತಾದರಿಗೆ ಓದಿ ಹೇಳಿದೆ. ಪ್ರದರ್ಶನದ ಭಾಗ ಬಂದಾಗ ಅವರು ತಲೆದೂಗಿದರು, ಓಬವ್ವನ ಭಾಗ ಬಂದಾಗ ಸುಮ್ಮನಾದರು. ನಾನು ಎದ್ದು ಹೊರಟಾಗ ತಗ್ಗು ಬಾಗಿಲಿನವರೆಗೂ ಬಂದು, "ಮೇಷ್ಟ್ರೇ, ಆ ಜಪಾನಿನ ತಂಗಿ ಇನ್ನೊಮ್ಮೆ ಬರ್ತಾಳೇನು ಕೇಳ್ರಿ. ಮ್ಯಾಟ್ ಮುಂದಿನ ಕೋಣಿಗೆ ಹಾಕಸ್ತೀನಿ, ಆ ಹುಡುಗಿ ಜೊತಿಗೇ ಜೋಡಿ ಕಟ್ತೀನಿ" ಎಂದರು. ಆಕೆಗೆ ಪತ್ರ ಬರೆದಿದ್ದೇನೆ.